ಐದು ಡಾಲರಿನ ಬೆಟ್ಟ, ಆರುನೂರು ಡಾಲರಿನ ದಿನ: ಹವಾಯಿಯ ಒಂದು ಸಣ್ಣ ಉದ್ದಿಮೆಯ ಲೆಕ್ಕ

ತನ್ನದಲ್ಲದ ಸರಕನ್ನು ಮಾರಿ ಲಾಭ ಗಳಿಸುವುದು ವ್ಯಾಪಾರದಲ್ಲಿ ಹೊಸತೇನಲ್ಲ. ದಲ್ಲಾಳಿ, ಕಮಿಷನ್ ಏಜೆಂಟ್, ಸಾಗಣೆದಾರ, ಇವರೆಲ್ಲರೂ ಅದೇ ಸಾಲಿನವರು. ಆದರೆ ಒಂದು ಬೆಟ್ಟವನ್ನೂ ಒಂದು ಕಡಲತೀರವನ್ನೂ ಒಂದೇ ದಿನದ ಪೊಟ್ಟಣದಲ್ಲಿ ಕಟ್ಟಿ, ಎರಡರ ಮೇಲೂ ಕಿಂಚಿತ್ತೂ ಒಡೆತನವಿಲ್ಲದೆ, ನಾಲ್ವರ ಕುಟುಂಬವೊಂದಕ್ಕೆ ನೂರಾರು ಡಾಲರಿಗೆ ಮಾರುವ ಉದ್ದಿಮೆಯ ಲೆಕ್ಕ ಹೇಗಿರುತ್ತದೆ ಎಂಬುದು ಸರಕು ಸಾಮಗ್ರಿಗಳ ವಹಿವಾಟು ನಡೆಸುವವರಿಗೂ ಕುತೂಹಲದ ವಿಷಯವೇ ಸರಿ. ಅಮೆರಿಕದ ಹವಾಯಿ ರಾಜ್ಯದ ಓವಾಹು ದ್ವೀಪದಲ್ಲಿ ಇಂತಹ ಖಾಸಗಿ ಮಾರ್ಗದರ್ಶಿ ಪ್ರವಾಸಗಳನ್ನು ನಡೆಸುವ ಸಣ್ಣ ಉದ್ದಿಮೆದಾರರಿದ್ದಾರೆ. ಒಂದು ವಾಹನ, ಒಬ್ಬ ಚಾಲಕ, ಆತನೇ ಮಾರ್ಗದರ್ಶಿ, ಆತನೇ ಮಾಲೀಕ. ಬೆಳಿಗ್ಗೆ ಡೈಮಂಡ್ ಹೆಡ್ ಎಂಬ ಜ್ವಾಲಾಮುಖಿ ಕುಳಿಯ ಅಂಚಿಗೆ ಹತ್ತಿಸುವುದು, ಬಿಸಿಲೇರುವ ಹೊತ್ತಿಗೆ ಇಳಿಸಿ ಸಮುದ್ರಕ್ಕೆ ಕರೆದೊಯ್ಯುವುದು, ಊಟ ಮಾಡಿಸಿ ಹೊಟೇಲಿಗೆ ತಲುಪಿಸುವುದು. ವ್ಯಾಪಾರ ಇಷ್ಟೆ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ದ್ವೀಪ ಅಪರಿಚಿತವಲ್ಲ. ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊನೊಲುಲುವಿಗೆ ಸುಮಾರು ಐದು ತಾಸಿನ ವಿಮಾನ ಪ್ರಯಾಣ. ಊರಿನಿಂದ ಬಂದ ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಹೋಗುವ ಮಗನಿಗೋ ಮಗಳಿಗೋ ಇಂತಹ ಒಂದು ದಿನವನ್ನು ಕೊಂಡುಬಿಡುವುದೇ ಸಲೀಸೆಂದು ತೋರುವುದು ಸಹಜ. ಕೊಳ್ಳುವವನು ಕೊಡುವ ಹಣ ಎಲ್ಲಿ ಹೋಗುತ್ತದೆ ಎಂಬುದನ್ನು ಮಾತ್ರ ಆತ ವಿಚಾರಿಸುವುದು ಕಡಿಮೆ.

ವಜ್ರವೆಂದು ತಿಳಿದ ಸುಣ್ಣದ ಹರಳು

ಹವಾಯಿ ಭಾಷೆಯಲ್ಲಿ ಈ ಬೆಟ್ಟದ ಹೆಸರು ಲೇಆಹಿ. ಅದರ ಆಕಾರ ಆಹಿ ಎಂಬ ಮೀನಿನ ಹಣೆಯನ್ನು ಹೋಲುವುದರಿಂದ ಆ ಹೆಸರು ಎಂದು ಹೇಳಲಾಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದ ಪಾಶ್ಚಾತ್ಯ ನಾವಿಕರೂ ವರ್ತಕರೂ ಇಳಿಜಾರಿನ ಬಂಡೆಗಳಲ್ಲಿ ಹೊಳೆಯುತ್ತಿದ್ದ ಕ್ಯಾಲ್ಸೈಟ್ ಹರಳುಗಳನ್ನು ವಜ್ರವೆಂದು ಭ್ರಮಿಸಿದರು. ವಜ್ರ ಸಿಗಲಿಲ್ಲ, ಹೆಸರು ಉಳಿಯಿತು. ಸರಕನ್ನು ಪರೀಕ್ಷಿಸದೆ ಬೆಲೆ ಕಟ್ಟಿದ ವರ್ತಕರ ಸ್ಮಾರಕವೊಂದು ನಕ್ಷೆಯಲ್ಲಿ ಶಾಶ್ವತವಾಗಿ ನಿಂತಿರುವುದು ಬಹುಶಃ ಇದೊಂದೇ ಇರಬೇಕು.

ಸುಮಾರು 3 ಲಕ್ಷ ವರ್ಷಗಳ ಹಿಂದೆ, ಒಂದೇ ಒಂದು ಅಲ್ಪಕಾಲದ ಸ್ಫೋಟದಲ್ಲಿ ಈ ಕುಳಿ ರೂಪುಗೊಂಡಿತೆಂದು ಭೂವಿಜ್ಞಾನಿಗಳು ಅಂದಾಜಿಸಿದ್ದಾರೆ. ತಟ್ಟೆಯಾಕಾರದ ಕುಳಿಯ ವ್ಯಾಸ 3,520 ಅಡಿ, ವಿಸ್ತೀರ್ಣ 350 ಎಕರೆ. ಸ್ಫೋಟದ ಕಾಲದಲ್ಲಿ ಗಾಳಿಯು ಬೂದಿಯನ್ನು ನೈರುತ್ಯಕ್ಕೆ ಒಯ್ದುದರಿಂದ ಆ ದಿಕ್ಕಿನ ಅಂಚೇ ಹೆಚ್ಚು ಎತ್ತರ. ಅದರ ತುದಿ ಸಮುದ್ರಮಟ್ಟದಿಂದ 761 ಅಡಿ. ಅಮೆರಿಕ ಸರ್ಕಾರ 1904ರಲ್ಲಿ ಸೈನಿಕ ಉದ್ದೇಶಕ್ಕಾಗಿ ಈ ಪ್ರದೇಶವನ್ನು ಕೊಂಡುಕೊಂಡಿತು. ಕರಾವಳಿ ರಕ್ಷಣೆಯ ಫಿರಂಗಿಗಳಿಗೆ ಗುರಿ ತೋರಿಸುವ ವೀಕ್ಷಣಾ ಠಾಣೆಯನ್ನು ತುದಿಯಲ್ಲಿ ಕಟ್ಟಲು 1908ರಲ್ಲಿ ದಾರಿ ಕಡಿಯಲಾಯಿತು. ಹೇಸರಗತ್ತೆಗಳ ಬೆನ್ನ ಮೇಲೆ ಸಾಮಗ್ರಿ ಸಾಗಿಸಲು ಮಾಡಿದ ಅಂಕುಡೊಂಕಿನ ಆ ಹಾದಿಯೇ ಇಂದು ಪ್ರವಾಸಿಗರು ಹತ್ತುವ ದಾರಿ. ಒಂದು ಬದಿಗೆ 0.8 ಮೈಲಿ, ಎಂದರೆ ಸುಮಾರು 1.3 ಕಿ.ಮೀ.; ಏರು 560 ಅಡಿ. ನಡುವೆ 74 ಮೆಟ್ಟಿಲು, ಬಳಿಕ 225 ಅಡಿ ಉದ್ದದ ಇಕ್ಕಟ್ಟಾದ ಸುರಂಗ, ಅದನ್ನು ದಾಟಿದೊಡನೆ ಕಡಿದಾದ 99 ಮೆಟ್ಟಿಲು. ದಾರಿಯಲ್ಲಿ ನೆರಳು ಕಡಿಮೆ. ತುದಿಯಲ್ಲಿ ನಿಂತರೆ ಕೆಳಗೆ 1917ರ ದೀಪಸ್ತಂಭ, ಎಡಕ್ಕೂ ಬಲಕ್ಕೂ ಸಮುದ್ರ, ಹಿಂದೆ ವೈಕೀಕೀಯ ಹೊಟೇಲುಗಳ ಸಾಲು. ಚಳಿಗಾಲದಲ್ಲಿ ದೂರದಲ್ಲಿ ತಿಮಿಂಗಿಲಗಳೂ ಕಾಣಸಿಗುತ್ತವೆ.

ಕೊಳ್ಳುವವನು ಏನನ್ನು ಕೊಳ್ಳುತ್ತಾನೆ?

ಈಗ ಬೆಲೆಯ ವಿಚಾರ. ರಾಜ್ಯದ ಹೊರಗಿನವರಿಗೆ ಬೆಟ್ಟದ ಪ್ರವೇಶ ಶುಲ್ಕ ತಲೆಗೆ 5 ಡಾಲರ್. ಹವಾಯಿಯ ನಿವಾಸಿಗಳಿಗೆ ಶುಲ್ಕವಿಲ್ಲ. ಹಿಂದೆ ನಡೆದು ಬರುವವನು 1 ಡಾಲರ್ ಕೊಟ್ಟರೆ ಸಾಕಾಗಿತ್ತು. ವೈಕೀಕೀಯಿಂದ ಬೆಟ್ಟದ ಬುಡಕ್ಕೆ ನಗರ ಸಾರಿಗೆಯ ಬಸ್ಸಿದೆ. ಕಡಲತೀರವಂತೂ ಪೂರ್ತಿ ಉಚಿತ. ಹವಾಯಿಯಲ್ಲಿ ಕಡಲತೀರ ಸಾರ್ವಜನಿಕರದು. ಅಲೆಗಳು ಎತ್ತರಕ್ಕೆ ತಲುಪುವ ಗೆರೆಯವರೆಗಿನ ಮರಳು ಯಾವ ಹೊಟೇಲಿನದೂ ಅಲ್ಲ, ಯಾವ ಬಂಗಲೆಯದೂ ಅಲ್ಲ ಎಂಬ ತತ್ತ್ವವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1968 ಮತ್ತು 1973ರ ತೀರ್ಪುಗಳಲ್ಲಿ ಗಟ್ಟಿಗೊಳಿಸಿದೆ. ಆದುದರಿಂದ 'ಖಾಸಗಿ ಪ್ರವಾಸ' ಎಂಬ ಪದದಲ್ಲಿ ಖಾಸಗಿಯಾಗಿರುವುದು ವಾಹನ ಮತ್ತು ಮನುಷ್ಯ ಮಾತ್ರ. ಬೆಟ್ಟವೂ ಕಡಲೂ ಎಲ್ಲರವು.

ನಾಲ್ವರ ಕುಟುಂಬವೊಂದು ಬಸ್ಸು ಹಿಡಿದು, ತಾನೇ ಹತ್ತಿ, ತಾನೇ ಇಳಿದು, ಸಮುದ್ರಸ್ನಾನ ಮಾಡಿ ಬಂದರೆ ಖರ್ಚು 50 ಡಾಲರಿನೊಳಗೆ ಮುಗಿಯುತ್ತದೆ. ಅದೇ ದಿನಕ್ಕೆ ಅದೇ ಕುಟುಂಬ 600 ಡಾಲರ್ ಕೊಡಲು ಸಿದ್ಧವಾಗುತ್ತದೆಂದಾದರೆ ಆ 550 ಡಾಲರ್ ಯಾವುದರ ಬೆಲೆ? ಉತ್ತರ ಸುಲಭವಾಗಿ ಕಾಣುವುದಿಲ್ಲ. ಏಕೆಂದರೆ ಮಾರಾಟವಾಗುವ ವಸ್ತುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದವು.

ಮೊದಲನೆಯದು ಹೊತ್ತು. ವರ್ಷಕ್ಕೆ ಹತ್ತು ಲಕ್ಷದ ಆಸುಪಾಸಿನಲ್ಲಿ ಜನ ಹತ್ತುತ್ತಿದ್ದ ಈ ಬೆಟ್ಟಕ್ಕೆ, 2022ರ ಮೇ 12ರಿಂದ ಹೊರರಾಜ್ಯದವರು ಮುಂಗಡ ಕಾಯ್ದಿರಿಸದೆ ಬರುವಂತಿಲ್ಲ. 30 ದಿನ ಮೊದಲಿನಿಂದ ಕಾಯ್ದಿರಿಸುವಿಕೆ ತೆರೆದಿರುತ್ತದೆ. ನಿಗದಿತ ಹೊತ್ತಿನಲ್ಲೇ ಪ್ರವೇಶ. ಬಾಗಿಲು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 6ಕ್ಕೆ ಮುಚ್ಚುತ್ತದೆ. 4 ಗಂಟೆಯ ನಂತರ ಹತ್ತಲು ಬಿಡುವುದಿಲ್ಲ. ಬೆಳಗಿನ ತಂಪು ಹೊತ್ತೇ ಎಲ್ಲರಿಗೂ ಬೇಕು. ಅರವತ್ತೈದು ದಾಟಿದ ತಾಯಿಯನ್ನು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಆ 99 ಮೆಟ್ಟಿಲು ಹತ್ತಿಸುವುದಕ್ಕೂ ಆರೂವರೆಗೆ ಹತ್ತಿಸುವುದಕ್ಕೂ ಇರುವ ಅಂತರವೇ ಮಾರ್ಗದರ್ಶಿಯ ಸರಕು. ಬಿಸಿಲಿಗೆ ಬಳಲಿ ಬಿದ್ದವರನ್ನೂ ಕಾಲುಳುಕಿದವರನ್ನೂ ಹೊನೊಲುಲು ಅಗ್ನಿಶಾಮಕ ದಳ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾದ ಪ್ರಸಂಗಗಳು ಆ ದಾರಿಯಲ್ಲಿ ಅಪರೂಪವಲ್ಲ.

ಎರಡನೆಯದು ಸಮುದ್ರದ ತಿಳಿವಳಿಕೆ. ಓವಾಹುವಿನ ದಕ್ಷಿಣ ತೀರಕ್ಕೆ ಬೇಸಿಗೆಯಲ್ಲಿ ದೊಡ್ಡ ಅಲೆ, ಉತ್ತರ ತೀರಕ್ಕೆ ಚಳಿಗಾಲದಲ್ಲಿ ದೊಡ್ಡ ಅಲೆ. ಇದನ್ನು ಅರಿಯದೆ ನೀರಿಗಿಳಿಯುವವರಿಗೆ ಅಪಾಯ ತಪ್ಪಿದ್ದಲ್ಲ. ಉಸಿರುಕೊಳವೆ ಕಚ್ಚಿ ಮೀನು ನೋಡುವ ಸ್ನಾರ್ಕೆಲಿಂಗ್ ಬಹಳ ಸೌಮ್ಯವಾದ ವಿನೋದದಂತೆ ತೋರಿದರೂ, ಹವಾಯಿಯಲ್ಲಿ ಪ್ರವಾಸಿಗರ ಮುಳುಗುಸಾವುಗಳ ಕಾರಣಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಇನ್ನೊಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಪ್ರತಿ ತಿಂಗಳು ಹುಣ್ಣಿಮೆ ಕಳೆದ ಎಂಟರಿಂದ ಹತ್ತನೆಯ ದಿನದ ಸುಮಾರಿಗೆ ವೈಕೀಕೀ ತೀರಕ್ಕೆ ಕುಟುಕುವ ಬಾಕ್ಸ್ ಜೆಲ್ಲಿ ಮೀನುಗಳು ಹಿಂಡಾಗಿ ಬರುತ್ತವೆ. ಪಂಚಾಂಗದ ಲೆಕ್ಕದಲ್ಲಿ ಹೇಳುವುದಾದರೆ ಬಹುಳ ಅಷ್ಟಮಿಯಿಂದ ದಶಮಿಯವರೆಗೆ ಸಮುದ್ರಸ್ನಾನಕ್ಕೆ ಮುಹೂರ್ತವಿಲ್ಲ! ತಿಥಿ ನೋಡಿ ಗಿರಾಕಿಯ ದಿನ ಗೊತ್ತುಮಾಡುವ ಮಾರ್ಗದರ್ಶಿ ಅಮೆರಿಕದಲ್ಲಿಯೂ ಇದ್ದಾನೆಂದರೆ ಊರಿನ ಪುರೋಹಿತರಿಗೆ ಸಂತೋಷವಾದೀತು.

ಮೂರನೆಯದು ಬೇರೆಯವರ ನಿಯಮಗಳ ಅರಿವು. ಬೆಟ್ಟದ ಬುಡಕ್ಕೆ ಸಮೀಪದ ಕೈಮಾನಾ ತೀರದಲ್ಲಿ ಅಳಿವಿನಂಚಿನ ಮಾಂಕ್ ಸೀಲ್ ಒಂದು 2017ರಲ್ಲಿ ಮರಿ ಹಾಕಿದಾಗ ಮರಳಿಗೆ ಹಗ್ಗ ಕಟ್ಟಿ ಜನರನ್ನು ದೂರವಿಡಲಾಯಿತು. 2022ರ ಜುಲೈಯಲ್ಲಿ ಅದೇ ತೀರದಲ್ಲಿ ಮರಿಯೊಡನಿದ್ದ ತಾಯಿ ಸೀಲ್ ಈಜುತ್ತಿದ್ದವರೊಬ್ಬರನ್ನು ಕಚ್ಚಿತು. ಅಂತಹ ದಿನ ಕೈಮಾನಾ ತೀರವನ್ನು ಭರವಸೆ ಕೊಟ್ಟು ಕರೆತಂದ ಮಾರ್ಗದರ್ಶಿ ಏನು ಮಾಡಬೇಕು? ಮತ್ತೊಂದು ತೀರ ಆತನ ತಲೆಯಲ್ಲಿ ಸಿದ್ಧವಿರಬೇಕು. ಅದೂ ಸುಲಭವಲ್ಲ. ದ್ವೀಪದ ಪೂರ್ವದ ಕೈಲುವಾ ಮತ್ತು ಕಲಾಮಾ ಕಡಲತೀರ ಉದ್ಯಾನಗಳಲ್ಲಿ ಸ್ಥಳೀಯರ ಒತ್ತಾಯದ ಮೇರೆಗೆ ಹೊನೊಲುಲು ನಗರಾಡಳಿತ 2012ರಲ್ಲಿ ವಾಣಿಜ್ಯ ಚಟುವಟಿಕೆಯನ್ನೇ ನಿಷೇಧಿಸಿತು. ಮರಳು ಎಲ್ಲರದು ನಿಜ. ಆದರೆ ಅದರ ಮೇಲೆ ನಿಂತು ವ್ಯಾಪಾರ ಮಾಡುವ ಹಕ್ಕು ಎಲ್ಲರದಲ್ಲ. ಹಚ್ಚಿಕೊಳ್ಳುವ ಸನ್‌ಸ್ಕ್ರೀನ್‌ಗೂ ನಿಯಮವಿದೆ. ಹವಳಕ್ಕೆ ಹಾನಿಕರವೆಂದು ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಲೇಪಗಳ ಮಾರಾಟವನ್ನು 2018ರ ಕಾನೂನಿನಂತೆ 2021ರ ಜನವರಿ 1ರಿಂದ ಹವಾಯಿ ತಡೆದಿದೆ. ಒಂದು ಸಣ್ಣ ರಾಜ್ಯದ ಒಂದು ಕಾಯಿದೆಯಿಂದ ದೊಡ್ಡ ತಯಾರಕರು ಸೂತ್ರ ಬದಲಿಸಬೇಕಾಗಿ ಬಂದುದನ್ನು ಸೌಂದರ್ಯವರ್ಧಕಗಳನ್ನು ರಫ್ತು ಮಾಡುವವರು ಗಮನಿಸಬಹುದು.

ದಿನದ ಜಮಾಖರ್ಚು

ಲೆಕ್ಕದ ಅನುಕೂಲಕ್ಕಾಗಿ, ನಾಲ್ವರಿಗೆ ತೆರಿಗೆ ಸೇರಿ 600 ಡಾಲರ್ ಎಂದು ಬೆಲೆಯಿಟ್ಟಿರುವ ಏಕವ್ಯಕ್ತಿ ಉದ್ದಿಮೆಯೊಂದನ್ನು ಊಹಿಸಿಕೊಳ್ಳಬಹುದು. ಕೆಳಗಿನ ಮೊತ್ತಗಳು ಉದಾಹರಣೆಗಾಗಿ ಇಟ್ಟುಕೊಂಡವು. ತೆರಿಗೆಯ ದರಗಳು ಮಾತ್ರ ಕಾನೂನಿನವು. ನಾಲ್ವರ ಪ್ರವೇಶ 20 ಡಾಲರ್. ವಾಣಿಜ್ಯ ವಾಹನದ ಪ್ರವೇಶಕ್ಕೆ 25. ಊಟ, ನೀರು, ಇಂಧನಕ್ಕೆ 80. ಅಲ್ಲಿಗೆ ಆ ದಿನವೇ ಕೈಬಿಡುವ ಹಣ 125. ಇನ್ನು ವಾಹನದ ಸಾಲ, ವಾಣಿಜ್ಯ ವಿಮೆ, ಪರವಾನಗಿಗಳು, ದೂರವಾಣಿ, ಇವೆಲ್ಲಕ್ಕೆ ವರ್ಷಕ್ಕೆ 24,000 ಡಾಲರ್ ಎಂದು ಹಿಡಿದು, 200 ದಿನ ಕೆಲಸ ಸಿಕ್ಕಿತೆಂದರೆ ದಿನದ ಪಾಲು 120. ಒಟ್ಟು ಖರ್ಚು 245.

ಗಿರಾಕಿ ನೇರವಾಗಿ ಬಂದಿದ್ದರೆ 600ರಿಂದ 245 ಕಳೆದು 355. ಅದರಲ್ಲಿ ರಾಜ್ಯದ ಜನರಲ್ ಎಕ್ಸೈಸ್ ತೆರಿಗೆ 27 ಡಾಲರ್ ಹೋಗಿ ಉಳಿಯುವುದು 328. ಕೆಟ್ಟ ದಿನವಲ್ಲ.

ಗಿರಾಕಿ ಅಂತರಜಾಲದ ಮಾರಾಟ ತಾಣವೊಂದರ ಮೂಲಕ ಬಂದಿದ್ದರೆ ಚಿತ್ರ ಬೇರೆಯಾಗುತ್ತದೆ. ಇಂತಹ ತಾಣಗಳ ಕಮಿಷನ್ ಸಾಮಾನ್ಯವಾಗಿ ಶೇ. 20ರಿಂದ 30. ಶೇ. 25 ಎಂದು ಹಿಡಿದರೆ 150 ಡಾಲರ್ ಅಲ್ಲಿಯೇ ನಿಂತು ಕೈಗೆ ಬರುವುದು 450. ಖರ್ಚು 245, ತೆರಿಗೆ 20.25. ಉಳಿಯುವುದು 184.75. ಮಾರ್ಗದರ್ಶಿ ನಸುಕಿನಲ್ಲಿ ವಾಹನ ತೊಳೆಯುವುದರಿಂದ ಹಿಡಿದು ಸಂಜೆ ಮುಂದಿನ ಗಿರಾಕಿಗೆ ಉತ್ತರ ಬರೆಯುವವರೆಗೆ ದುಡಿಯುವುದು ಹತ್ತು ತಾಸು. ತಾಸಿಗೆ 18.50 ಡಾಲರಿನಷ್ಟಾಯಿತು.

ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಅರ್ಧವಾಗುತ್ತದೆ. ಸ್ವಂತ ಉದ್ದಿಮೆಯ ಆದಾಯದ ಮೇಲೆ ಅಮೆರಿಕದ ಕೇಂದ್ರ ಸರ್ಕಾರ ಸಾಮಾಜಿಕ ಭದ್ರತೆಗಾಗಿ ವಿಧಿಸುವ ಸ್ವಯಂ ಉದ್ಯೋಗ ತೆರಿಗೆ ಶೇ. 15.3; ನಿವ್ವಳ ಆದಾಯದ ಶೇ. 92.35 ಭಾಗಕ್ಕೆ ಅದು ಅನ್ವಯಿಸುತ್ತದೆ. 184.75ರ ಮೇಲೆ ಅದು 26.10 ಡಾಲರ್. ಉಳಿದದ್ದು 158.65, ತಾಸಿಗೆ 15.86. ಹವಾಯಿಯ ಕನಿಷ್ಠ ಕೂಲಿ 2026ರ ಜನವರಿಯಿಂದ ತಾಸಿಗೆ 16 ಡಾಲರ್. ನೌಕರನ ಕೂಲಿಯಿಂದಲೂ ಅದೇ ಬಾಬತ್ತಿಗೆ ಶೇ. 7.65 ಕಡಿತವಾಗುವುದರಿಂದ ನ್ಯಾಯವಾದ ಹೋಲಿಕೆ 14.78ರೊಡನೆ ಆಗಬೇಕು. ಅಂದರೆ ವಾಹನದ ಸಾಲ ಹೊತ್ತು, ಅಪಘಾತದ ಹೊಣೆ ಹೊತ್ತು, ನಾಳೆ ಗಿರಾಕಿ ಬರುವನೋ ಇಲ್ಲವೋ ಎಂಬ ಚಿಂತೆ ಹೊತ್ತು, ಈ ಮಾಲೀಕ ಗಳಿಸುವುದು ಅಂಗಡಿಯ ಕನಿಷ್ಠ ಕೂಲಿಯವನಿಗಿಂತ ತಾಸಿಗೆ ಒಂದು ಡಾಲರಿಗಿಂತ ತುಸು ಹೆಚ್ಚು. ಅಮೆರಿಕದ ರೂಢಿಯಂತೆ ಗಿರಾಕಿ ಕೊಡುವ ಭಕ್ಷೀಸು ಇದರ ಮೇಲೆ. ಶೇ. 15ರಂತೆ ಕೊಟ್ಟರೂ 90 ಡಾಲರ್. ತಾಣದ ಮೂಲಕ ಬಂದ ದಿನದ ಮಿಗುತೆಯ ಹೆಚ್ಚುಕಡಿಮೆ ಅರ್ಧ. ಬೆಟ್ಟದ ಮೇಲೆ ಮಾರ್ಗದರ್ಶಿ ಅಷ್ಟೊಂದು ನಗುಮುಖದಿಂದಿರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ವರ್ಷದ ಮಟ್ಟದಲ್ಲಿ ನೋಡಿದರೆ ಈ ಅಂತರ ಇನ್ನೂ ಸ್ಪಷ್ಟ. ಕೇಂದ್ರದ ತೆರಿಗೆಗಳಿಗೆ ಮುನ್ನ, 200 ದಿನವೂ ನೇರ ಗಿರಾಕಿಗಳಾದರೆ 65,600 ಡಾಲರ್. 200 ದಿನವೂ ತಾಣದ ಮೂಲಕವಾದರೆ 36,950. ವ್ಯತ್ಯಾಸ 28,650, ವಾಹನ, ವಿಮೆ, ಪರವಾನಗಿ ಎಲ್ಲ ಸೇರಿದ ವರ್ಷದ ಸ್ಥಿರ ವೆಚ್ಚಕ್ಕಿಂತ ಅದು ದೊಡ್ಡ ಮೊತ್ತ. ನೇರ ಗಿರಾಕಿಯೂ ಪುಕ್ಕಟೆಯಾಗಿ ಬರುವುದಿಲ್ಲ, ಜಾಹೀರಾತು ಮತ್ತು ಕ್ರೆಡಿಟ್ ಕಾರ್ಡಿನ ಶುಲ್ಕ ಇದ್ದೇ ಇರುತ್ತವೆ ಎಂಬುದನ್ನು ಮರೆಯುವಂತಿಲ್ಲ. ಹಾಗಿದ್ದರೂ, ಹಳೆಯ ಗಿರಾಕಿ ತನ್ನ ನೆಂಟರಿಗೆ ಹೇಳಿ ಕಳುಹಿಸಿದ ಒಂದು ಬುಕಿಂಗ್ ಈ ವ್ಯಾಪಾರದಲ್ಲಿ ಎಷ್ಟು ಬೆಲೆಯುಳ್ಳದ್ದೆಂಬುದು ಈ ಎರಡು ಅಂಕಿಗಳಿಂದ ತಿಳಿಯುತ್ತದೆ.

ಬೆಟ್ಟವನ್ನೂ ಕಡಲನ್ನೂ ಒಟ್ಟಿಗೆ ಕಟ್ಟಿ ಮಾರುವುದರ ಗುಟ್ಟೂ ಇಲ್ಲಿಯೇ ಇದೆ. ಬೆಟ್ಟ ಮಾತ್ರವಾದರೆ ಕೆಲಸ ಮೂರು ತಾಸಿಗೆ ಮುಗಿಯುತ್ತದೆ. ಹೊಟೇಲಿಗೆ ಹೋಗಿ ಕರೆತರುವುದು, ವಾಹನ, ವಿಮೆ ಯಾವುದೂ ಕಡಿಮೆಯಾಗುವುದಿಲ್ಲ. ಕಡಲನ್ನು ಸೇರಿಸಿದರೆ ಹೆಚ್ಚುವರಿ ವೆಚ್ಚ ಊಟದ್ದು ಮಾತ್ರ, ಬೆಲೆಯಾದರೋ ದಿನವಿಡೀಯದ್ದು. ಉಚಿತವಾದ ಕಚ್ಚಾವಸ್ತುವನ್ನು ಸೇರಿಸಿ ಉತ್ಪನ್ನದ ತೂಕ ಹೆಚ್ಚಿಸುವ ಅವಕಾಶ ತಯಾರಕರಿಗೆ ಸಿಗುವುದು ಅಪರೂಪ.

ಹುಟ್ಟುವಳಿ ಇಲ್ಲದ ತೆರಿಗೆ

ಹವಾಯಿಯ ಜನರಲ್ ಎಕ್ಸೈಸ್ ತೆರಿಗೆ ತನ್ನದೇ ಆದ ಪ್ರತ್ಯೇಕ ವ್ಯಾಖ್ಯಾನವನ್ನು ಬೇಡುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿರುವಂತೆ ಇದು ಗಿರಾಕಿಯ ಮೇಲಿನ ಮಾರಾಟ ತೆರಿಗೆಯಲ್ಲ. ವ್ಯಾಪಾರ ಮಾಡುವ ಅವಕಾಶಕ್ಕಾಗಿ ವ್ಯಾಪಾರಿಯ ಒಟ್ಟು ವಹಿವಾಟಿನ ಮೇಲೆ ಬೀಳುವ ತೆರಿಗೆ. ರಾಜ್ಯದ ದರ ಶೇ. 4, ಓವಾಹುವಿನ ಹೆಚ್ಚುವರಿ ಶೇ. 0.5. ಲಾಭ ಬಂದರೂ ನಷ್ಟ ಬಂದರೂ ತೆರಬೇಕು. ಹುಟ್ಟುವಳಿ ತೆರಿಗೆಯ ಜಮೆ, ಎಂದರೆ ಇನ್‌ಪುಟ್ ಕ್ರೆಡಿಟ್, ಇದರಲ್ಲಿ ಇಲ್ಲ. ಮಾರ್ಗದರ್ಶಿ ಕೊಳ್ಳುವ ಟೈರು, ಊಟ, ವಾಹನದ ರಿಪೇರಿ, ಎಲ್ಲದರಲ್ಲೂ ಹಿಂದಿನವರ ತೆರಿಗೆ ಅಡಗಿ ಕುಳಿತಿರುತ್ತದೆ; ಅದರ ಮೇಲೆ ಈತನ ತೆರಿಗೆ. 2005ರ ಏಪ್ರಿಲ್‌ನಲ್ಲಿ ಮೌಲ್ಯವರ್ಧಿತ ತೆರಿಗೆ ಬರುವ ಮೊದಲು ಕರ್ನಾಟಕದಲ್ಲಿ ವ್ಯಾಪಾರ ಮಾಡಿದವರಿಗೆ ಮಾರಾಟ ತೆರಿಗೆಯ ಜೊತೆಗಿದ್ದ ವಹಿವಾಟು ತೆರಿಗೆಯ ನೆನಪಿದ್ದರೆ ಇದರ ರುಚಿ ತಿಳಿಯುತ್ತದೆ. ಸರಕು ಮತ್ತು ಸೇವಾ ತೆರಿಗೆಯ ಮೇಲೆ ಎಷ್ಟೇ ದೂರುಗಳಿದ್ದರೂ ಜಮೆಯ ಸರಪಳಿಯೊಂದು ಇರುವುದು ಸಣ್ಣ ವಿಷಯವಲ್ಲ.

ತೆರಿಗೆಯನ್ನು ಬಿಲ್ಲಿನಲ್ಲಿ ಬೇರೆ ತೋರಿಸಿ ಗಿರಾಕಿಯಿಂದ ವಸೂಲು ಮಾಡಲು ಕಾನೂನಿನ ಅಡ್ಡಿಯಿಲ್ಲ. ಆದರೆ ಹಾಗೆ ವಸೂಲಾದ ಹಣವೂ ವಹಿವಾಟಿಗೆ ಸೇರುತ್ತದೆ, ಅದರ ಮೇಲೂ ತೆರಿಗೆ ಬೀಳುತ್ತದೆ. ಹೀಗಾಗಿ ಓವಾಹುವಿನ ಅಂಗಡಿಗಳ ರಸೀದಿಗಳಲ್ಲಿ ಶೇ. 4.712 ಎಂಬ ವಿಲಕ್ಷಣ ಅಂಕಿ ಕಾಣಿಸುತ್ತದೆ. 100 ಡಾಲರಿಗೆ 4.712 ಸೇರಿಸಿ, ಬಂದ 104.712ಕ್ಕೆ ಶೇ. 4.5ರಂತೆ ಲೆಕ್ಕ ಹಾಕಿದರೆ ಮತ್ತೆ 4.712 ಬರುತ್ತದೆ. ಗಿರಾಕಿಗೆ ಅದು ಅರ್ಥವಾಗುವುದಿಲ್ಲ, ಲೆಕ್ಕಿಗನಿಗೆ ಅದು ಸೊಗಸು.

ಪ್ರವಾಸೋದ್ಯಮಕ್ಕೆ ಈ ಕಾನೂನು ಒಂದು ರಿಯಾಯಿತಿಯನ್ನು ಇಟ್ಟಿದೆ. ಪ್ರವಾಸಿ ಸೇವೆಯ ಹಣ ಸೇವೆ ಕೊಡುವವನಿಗೂ ಏಜೆಂಟನಿಗೂ ಹಂಚಿಹೋದಾಗ ಪ್ರತಿಯೊಬ್ಬನೂ ತನ್ನ ಪಾಲಿಗೆ ಮಾತ್ರ ತೆರಿಗೆ ಕೊಟ್ಟರೆ ಸಾಕು. ಮೇಲಿನ ಉದಾಹರಣೆಯಲ್ಲಿ 600ಕ್ಕೆ ಬದಲಾಗಿ 450ಕ್ಕೆ ತೆರಿಗೆ ಹಾಕಿದ್ದು ಇದೇ ಕಾರಣದಿಂದ. ಹೊಟೇಲ್ ಕೋಣೆಗಳನ್ನು ಅಂತರಜಾಲದಲ್ಲಿ ಮಾರುವ ಕಂಪನಿಗಳಿಗೂ ರಾಜ್ಯದ ತೆರಿಗೆ ಇಲಾಖೆಗೂ ನಡೆದ ವ್ಯಾಜ್ಯದಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ, ಆ ಕಂಪನಿಗಳು ಈ ತೆರಿಗೆಗೆ ಒಳಪಡುತ್ತವೆ, ಆದರೆ ತಮ್ಮ ಪಾಲಿನ ಮೇಲೆ ಮಾತ್ರ ಎಂದು ತೀರ್ಪಿತ್ತಿತು. ಸಣ್ಣ ಮಾರ್ಗದರ್ಶಿಗೂ ದೊಡ್ಡ ಕಂಪನಿಗೂ ಒಂದೇ ಕಲಮು ಅನ್ವಯಿಸಿದ ಪ್ರಸಂಗವಿದು.

ವಾಹನದಲ್ಲಿ ಹಣ ಪಡೆದು ಜನರನ್ನು ಸಾಗಿಸಲು ಪಬ್ಲಿಕ್ ಯುಟಿಲಿಟೀಸ್ ಕಮಿಷನ್ನಿನ ಪ್ರಮಾಣಪತ್ರ ಬೇಕು. ನೌಕರನೊಬ್ಬನನ್ನು ಇಟ್ಟುಕೊಂಡರೆ 1974ರ ಕಾನೂನಿನಂತೆ, ವಾರಕ್ಕೆ ಕನಿಷ್ಠ 20 ತಾಸು ದುಡಿಯುವವನಿಗೆ ಮಾಲೀಕನೇ ಆರೋಗ್ಯ ವಿಮೆ ಒದಗಿಸಬೇಕು. ನೌಕರನ ಕೂಲಿಯಿಂದ ಅದಕ್ಕಾಗಿ ಹಿಡಿಯಬಹುದಾದುದು ಶೇ. 1.5ಕ್ಕೆ ಮೀರುವಂತಿಲ್ಲ. ಕಾರ್ಮಿಕನ ದೃಷ್ಟಿಯಿಂದ ಇದು ಉದಾತ್ತ ಕಾನೂನು. ಎರಡನೆಯ ವಾಹನ ಕೊಳ್ಳಬೇಕೆಂದಿರುವ ಏಕವ್ಯಕ್ತಿ ಉದ್ದಿಮೆಗೆ ಮಾತ್ರ ಇದು ಎತ್ತರದ ಮೆಟ್ಟಿಲು.

ದಾಸ್ತಾನಿಗೆ ಬಾರದ ಸರಕು

ಮಾರಾಟವಾಗದ ಬಟ್ಟೆಯನ್ನು ಮುಂದಿನ ಹಬ್ಬಕ್ಕೆ ಇಡಬಹುದು. ಸಂಜೆಯವರೆಗೆ ಉಳಿದ ಹೂವನ್ನು ಮುಕ್ಕಾಲು ಬೆಲೆಗಾದರೂ ಕೊಡಬಹುದು. ಮಾರಾಟವಾಗದೆ ಹೋದ ಮಂಗಳವಾರಕ್ಕೆ ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಜಾಗವಿಲ್ಲ. ಮಾರಾಟ ತಾಣಗಳಲ್ಲಿ 24 ತಾಸು ಮೊದಲು ರದ್ದುಪಡಿಸಿದರೆ ಗಿರಾಕಿಗೆ ಪೂರ್ತಿ ಹಣ ವಾಪಸು ಎಂಬ ಷರತ್ತು ಸಾಮಾನ್ಯವಾಗಿದೆ. ಅದು ಗಿರಾಕಿಗೆ ಅನುಕೂಲ. ಮಾರ್ಗದರ್ಶಿಗೆ ಆ ದಿನ ಹೋಯಿತು. ಕೆಲಸದ ದಿನಗಳು 200ರಿಂದ 120ಕ್ಕೆ ಇಳಿದರೆ ಸ್ಥಿರ ವೆಚ್ಚದ ದಿನದ ಪಾಲು 120ರಿಂದ 200ಕ್ಕೇರುತ್ತದೆ. ತಾಣದ ಮೂಲಕ ಬಂದ ದಿನದ ಮಿಗುತೆ 184.75ರಿಂದ 104.75ಕ್ಕೆ ಕುಸಿಯುತ್ತದೆ. ಬೆಲೆ ಬದಲಾಗಲಿಲ್ಲ, ಬೆಟ್ಟ ಬದಲಾಗಲಿಲ್ಲ, ಕಮಿಷನ್ನೂ ಬದಲಾಗಲಿಲ್ಲ.

ಇಂತಹ ಕುಸಿತ ಕಲ್ಪನೆಯದಲ್ಲ. ಹವಾಯಿಗೆ 2019ರಲ್ಲಿ ಬಂದ ಪ್ರವಾಸಿಗರು ಸುಮಾರು 1 ಕೋಟಿ 4 ಲಕ್ಷ. 2020ರ ಮಾರ್ಚ್ 26ರಿಂದ ಬಂದವರೆಲ್ಲ 14 ದಿನ ಪ್ರತ್ಯೇಕವಾಗಿರಬೇಕೆಂಬ ಆದೇಶ ಹೊರಟಿತು. ಆ ವರ್ಷದ ಸಂಖ್ಯೆ 27 ಲಕ್ಷಕ್ಕೆ ಇಳಿಯಿತು. ವಾರದ ರಜೆಗೆ ಬರುವವನು ಎರಡು ವಾರ ಕೋಣೆಯಲ್ಲಿ ಕುಳಿತಿರುವುದು ಸಾಧ್ಯವೇ? ಸಾಲದ ಕಂತು ಮಾತ್ರ ಪ್ರತ್ಯೇಕವಾಸಕ್ಕೆ ಹೋಗಲಿಲ್ಲ. ಮಾವಿ ದ್ವೀಪದ ಲಹೈನಾ ಪಟ್ಟಣ 2023ರ ಆಗಸ್ಟ್ 8ರ ಕಾಡ್ಗಿಚ್ಚಿನಲ್ಲಿ ಸುಟ್ಟುಹೋದಾಗ ಆ ದ್ವೀಪದ ಪ್ರವಾಸೋದ್ಯಮ ಮತ್ತೊಮ್ಮೆ ನೆಲಕಚ್ಚಿತು.

ಇನ್ನೊಂದು ದಿಕ್ಕಿನ ಒತ್ತಡವೂ ಇದೆ. ಜನ ಹೆಚ್ಚಾದರೆ ಸರಕೇ ಕೆಡುತ್ತದೆ. ಡೈಮಂಡ್ ಹೆಡ್‌ನ ಪೂರ್ವಕ್ಕಿರುವ ಹನೌಮಾ ಕೊಲ್ಲಿಯೂ ಸಮುದ್ರ ನುಗ್ಗಿದ ಜ್ವಾಲಾಮುಖಿ ಕುಳಿಯೇ. 1967ರಿಂದ ಸಂರಕ್ಷಿತ ಜಲಪ್ರದೇಶ. ಅಲ್ಲಿ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಮಂಗಳವಾರ, ಮೀನುಗಳಿಗೆ ರಜೆ. ಹೊರರಾಜ್ಯದವರಿಗೆ ಶುಲ್ಕ 25 ಡಾಲರ್. ಎರಡು ದಿನ ಮೊದಲು ಬೆಳಿಗ್ಗೆ 7 ಗಂಟೆಗೆ ಕಾಯ್ದಿರಿಸುವಿಕೆ ತೆರೆಯುತ್ತದೆ, ಬೇಗನೆ ತುಂಬಿಹೋಗುತ್ತದೆ. ನೀರಿಗಿಳಿಯುವ ಮುನ್ನ ಹವಳವನ್ನು ತುಳಿಯಬಾರದೆಂದು ಬೋಧಿಸುವ ಕಿರುಚಿತ್ರವನ್ನು ಕಡ್ಡಾಯವಾಗಿ ನೋಡಬೇಕು. ವೈಕೀಕೀಯ ಮರಳೂ ತಾನಾಗಿ ಉಳಿದಿಲ್ಲ; ಅಲೆ ಕೊಚ್ಚಿಕೊಂಡು ಹೋದುದನ್ನು ಭರ್ತಿ ಮಾಡಲು 2012ರಲ್ಲೂ 2021ರಲ್ಲೂ ಸಮುದ್ರದ ತಳದಿಂದ ಮರಳನ್ನು ಪಂಪು ಮಾಡಿ ತಂದು ಹರಡಲಾಯಿತು. ಈ ಖರ್ಚುಗಳಿಗೆ ಹಣ ಬೇಕಷ್ಟೆ. ಹೊಟೇಲ್ ವಾಸ್ತವ್ಯದ ಮೇಲಿನ ರಾಜ್ಯ ತೆರಿಗೆಯನ್ನು 2025ರ ಕಾನೂನಿನ ಮೂಲಕ ಶೇ. 10.25ರಿಂದ 11ಕ್ಕೆ, 2026ರ ಜನವರಿ 1ರಿಂದ ಜಾರಿಗೆ ಬರುವಂತೆ, ಏರಿಸಲಾಯಿತು. ಪರಿಸರ ರಕ್ಷಣೆಯೇ ಅದಕ್ಕೆ ಕೊಟ್ಟ ಕಾರಣ.

ಉಚಿತ ಕಚ್ಚಾವಸ್ತುವಿನ ಕಾಲ ನಿಧಾನವಾಗಿ ಸರಿಯುತ್ತಿದೆ ಎಂಬುದು ಇದರಿಂದ ಕಾಣುತ್ತದೆ. ಬೆಟ್ಟದ 5 ಡಾಲರ್ ಮುಂದೆ ಹನೌಮಾದ 25ರ ಕಡೆಗೆ ನಡೆದರೆ ನಾಲ್ವರ ದಿನಕ್ಕೆ 80 ಡಾಲರ್ ಹೆಚ್ಚು ಬೀಳುತ್ತದೆ. ಆಗ ಬೆಲೆ ಏರಿಸಬೇಕೇ, ನುಂಗಿಕೊಳ್ಳಬೇಕೇ? ಇದು ಎಣ್ಣೆ ಗಿರಣಿಯವನಿಗೂ ಬರುವ ಪ್ರಶ್ನೆ. ಒಂದು ವಿಷಯದಲ್ಲಿ ಮಾತ್ರ ಮಿತಿ ಹಾಕುವ ಸರ್ಕಾರ ಸಣ್ಣ ಮಾರ್ಗದರ್ಶಿಯ ಶತ್ರುವೆಂದು ಹೇಳಲಾಗದು. ಬೆಟ್ಟಕ್ಕೆ ಯಾರು ಬೇಕಾದರೂ ಯಾವಾಗ ಬೇಕಾದರೂ ನುಗ್ಗಬಹುದಾಗಿದ್ದಾಗ ಆತನ ಬಳಿ ಮಾರಲು ವಾಹನವೊಂದೇ ಇತ್ತು. ಕಾಯ್ದಿರಿಸಿದ ಹೊತ್ತು ಎಂಬ ಹೊಸ ಸರಕನ್ನು ಆತನಿಗೆ ಕೊಟ್ಟದ್ದು 2022ರ ಆ ನಿಯಮವೇ.

ಮೇಲಿನ ಉದಾಹರಣೆಯ ಉದ್ದಿಮೆದಾರ ವರ್ಷಕ್ಕೆ 200 ದಿನ ದುಡಿದರೆ ಆತನ ಜನರಲ್ ಎಕ್ಸೈಸ್ ತೆರಿಗೆ, ಎಲ್ಲ ಗಿರಾಕಿಗಳೂ ನೇರವಾಗಿ ಬಂದರೆ 5,400 ಡಾಲರ್, ಎಲ್ಲರೂ ತಾಣದ ಮೂಲಕ ಬಂದರೆ 4,050. ವರ್ಷದ ತೆರಿಗೆ 4,000 ಮೀರದವರು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬಹುದು. ಎರಡೂ ಬಗೆಯಲ್ಲಿ ಈತ ಆ ಗೆರೆಯನ್ನು ದಾಟುತ್ತಾನೆ. ಆದುದರಿಂದ ತಿಂಗಳು ಮುಗಿದ ಮೇಲೆ, ಮುಂದಿನ ತಿಂಗಳ 20ನೆಯ ತಾರೀಖಿನೊಳಗೆ, ಸಮುದ್ರದಿಂದ ಮರಳಿ ವಾಹನದ ಮರಳು ಗುಡಿಸಿದ ಒಂದು ಸಂಜೆ ಆತ ಜಿ-45 ನಮೂನೆಯನ್ನು ತುಂಬಲು ಕುಳಿತುಕೊಳ್ಳಬೇಕಾಗುತ್ತದೆ.